ರಾಜ ಹೋದ, ರಾಜನ ಗೊಂಬೆ ಯಾಕೆ ಉಳಿಯಿತು?

ನವರಾತ್ರಿಗೆ ಒಂದೆರಡು ದಿನ ಇರುವಾಗ ಹಳೇ ಮೈಸೂರು ಕಡೆಯ ಹಲವು ಮನೆಗಳಲ್ಲಿ ಅಟ್ಟದಿಂದ ಒಂದು ಟ್ರಂಕು ಕೆಳಗಿಳಿಯುತ್ತದೆ. ಹಳೇ ಪಂಚೆ, ಸೀರೆ ತುಂಡಿನಲ್ಲಿ ಸುತ್ತಿಟ್ಟ ಗೊಂಬೆಗಳು ಒಂದೊಂದಾಗಿ ಹೊರಗೆ ಬರುತ್ತವೆ. ಅವುಗಳಲ್ಲಿ ಮರದ ಒಂದು ಜೋಡಿಗೆ ಎಲ್ಲಕ್ಕಿಂತ ಮೇಲಿನ ಜಾಗ. ರಾಜನಿಗೆ ಪೇಟ, ರಾಣಿಗೆ ಜರಿ ಸೀರೆ. ಇದೇ ಪಟ್ಟದ ಗೊಂಬೆ.

ಈ ರಾಜ ಯಾರು ಎಂದು ಮನೆಯವರನ್ನು ಕೇಳಿ ನೋಡಿ. ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ರಾಜ ಅಂದರೆ ರಾಜ, ಅಷ್ಟೆ. ಅವನಿಗೆ ಹೆಸರಿಲ್ಲ, ಯಾವ ಇಸವಿಯವನು ಎಂಬುದೂ ಇಲ್ಲ.

1947ರಲ್ಲಿ ಮೈಸೂರು ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಿತು. 1971ರಲ್ಲಿ ಸಂವಿಧಾನ ತಿದ್ದುಪಡಿಯಾಗಿ ಮಾಜಿ ಅರಸರಿಗೆ ಕೊಡುತ್ತಿದ್ದ ರಾಜಧನವೂ ನಿಂತಿತು. ದಸರಾ ಮೆರವಣಿಗೆಯ ಚಿನ್ನದ ಅಂಬಾರಿಯಲ್ಲಿ ಹಿಂದೆ ಮಹಾರಾಜರು ಕೂರುತ್ತಿದ್ದರು. ಈಗ ಅಲ್ಲಿ ಕೂರುವವಳು ತಾಯಿ ಚಾಮುಂಡೇಶ್ವರಿ. ಆಳುವ ರಾಜ ಇಲ್ಲವಾಗಿ ಮುಕ್ಕಾಲು ಶತಮಾನ ಆಯಿತು. ಆದರೆ ಟ್ರಂಕಿನೊಳಗಿನ ರಾಜ–ರಾಣಿಯ ಪಟ್ಟ ಮಾತ್ರ ಹಾಗೇ ಇದೆ.

ಇತಿಹಾಸವನ್ನು ಹೇಳುವ ಗೊಂಬೆ, ಆಟಿಕೆಗಳು ಲೋಕದಲ್ಲಿ ಎಷ್ಟೋ ಬಂದಿವೆ. ಕೆಲವು ನೂರಾರು ವರ್ಷ ನಿಂತವು, ಕೆಲವು ಹತ್ತೇ ವರ್ಷದಲ್ಲಿ ನಿಂತುಹೋದವು. ಯಾವುದು ಉಳಿಯುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ಮಕ್ಕಳಾಟದ ಪ್ರಶ್ನೆಯಂತೆ ಕಾಣುತ್ತದೆ. ಚನ್ನಪಟ್ಟಣ, ಕಿನ್ನಾಳದ ಕೆಲಸಗಾರರಿಗೆ ಮಾತ್ರ ಇದು ಹೊಟ್ಟೆಪಾಡಿನ ಪ್ರಶ್ನೆ. ನಾಳೆ ಬೆಳಿಗ್ಗೆ ಮರದ ತುಂಡಿನಲ್ಲಿ ಏನು ಮಾಡಬೇಕು ಎಂದು ತೀರ್ಮಾನಿಸುವವರು ಅವರು.

ಹೆಸರಿಲ್ಲದ್ದೇ ಅವನ ಬಲ

ಮೊದಲು ಪಟ್ಟದ ಗೊಂಬೆಯನ್ನೇ ನೋಡೋಣ. ವಿಜಯನಗರದ ಅರಸರು ಮಹಾನವಮಿಯನ್ನು ದೊಡ್ಡದಾಗಿ ಆಚರಿಸುತ್ತಿದ್ದರು. ಆ ಸಾಮ್ರಾಜ್ಯ ಕುಸಿದ ಮೇಲೆ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಮುಂದುವರಿಸಿದರು. ಅರಮನೆಯಲ್ಲಿ ಗೊಂಬೆ ಕೂರಿಸುವುದಕ್ಕೆ ಎಷ್ಟು ಬೆಲೆ ಇತ್ತು ಎಂಬುದಕ್ಕೆ ಮೈಸೂರು ಅರಮನೆಯ 'ಗೊಂಬೆ ತೊಟ್ಟಿ'ಯೇ ಸಾಕ್ಷಿ. 19ನೇ ಶತಮಾನದ ಮತ್ತು 20ನೇ ಶತಮಾನದ ಆರಂಭದ ಗೊಂಬೆಗಳು ಇಂದಿಗೂ ಅಲ್ಲಿ ನೋಡಲು ಸಿಗುತ್ತವೆ.

ಆದರೆ ಜನರ ಮನೆಯಲ್ಲಿ ಈ ಜೋಡಿಯನ್ನು ಉಳಿಸಿದ್ದು ಮದುವೆ. ಮಗಳಿಗೆ ಮದುವೆಯಾದಾಗ ತವರಿನವರು ಪಟ್ಟದ ಗೊಂಬೆ ಕೊಡುವ ಪದ್ಧತಿ ಇದೆ. ಅವಳು ಹೊಸ ಮನೆಯಲ್ಲಿ ಹಬ್ಬ ಶುರು ಮಾಡುವುದು ಅದೇ ಜೋಡಿಯಿಂದ. ಆಮೇಲೆ ವರ್ಷಕ್ಕೊಂದೆರಡು ಗೊಂಬೆ ಸೇರುತ್ತಾ ಹೋಗುತ್ತವೆ. ಅಕ್ಕಿ, ಬೇಳೆ ಮುಂದಿಟ್ಟುಕೊಂಡ ಸೆಟ್ಟಿ ದಂಪತಿ, ಹಳ್ಳಿ ಮನೆ, ವಾದ್ಯದವರು ಬರುತ್ತಾರೆ, ಹೋಗುತ್ತಾರೆ. ರಾಜ–ರಾಣಿಗೆ ಪ್ರತಿ ವರ್ಷ ಹೊಸ ಬಟ್ಟೆ ಉಡಿಸಿ ಮತ್ತೆ ಮೇಲಿನ ಮೆಟ್ಟಿಲಿಗೇ ಏರಿಸುತ್ತಾರೆ.

ಗೊಂಬೆ ಇಂಥದ್ದೇ ಒಬ್ಬ ಒಡೆಯರದ್ದಾಗಿದ್ದರೆ? ಆ ಅರಸರನ್ನು ಕಂಡ ತಲೆಮಾರು ಹೋದ ಮೇಲೆ ಅದಕ್ಕೆ ಕೆಲಸ ಇರುತ್ತಿರಲಿಲ್ಲ. ಹೆಸರಿಲ್ಲದ ರಾಜ ಹಾಗಲ್ಲ. ಒಮ್ಮೆ ಅರಸನಾಗುತ್ತಾನೆ, ಒಮ್ಮೆ ಮದುಮಗನಾಗುತ್ತಾನೆ, ಮಗುವಿನ ಕಥೆಯಲ್ಲಿ ಅಪ್ಪನಾಗುತ್ತಾನೆ. ರಾಣಿ ಮನೆಯ ಮಗಳ ಜಾಗದಲ್ಲಿ ನಿಲ್ಲುತ್ತಾಳೆ. ಹೀಗೆ ಅರಮನೆಯ ಗೊಂಬೆ ತವರುಮನೆಯ ಗೊಂಬೆಯಾಯಿತು. ಅರಮನೆಯಿಂದ ಅಧಿಕಾರ ಹೋದರೂ ತವರುಮನೆ ಉಳಿದಿತ್ತು.

ಉತ್ತರ ಕರ್ನಾಟಕದ ಓದುಗರಿಗೆ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆ ಮನೆಯಲ್ಲಿ ಜೋಡಿ ಮಣ್ಣೆತ್ತು ಇಟ್ಟು ಪೂಜೆ ಮಾಡುತ್ತಾರೆ. ಇವತ್ತು ಎಷ್ಟೋ ಮನೆಯ ಕೊಟ್ಟಿಗೆಯಲ್ಲಿ ಎತ್ತಿಲ್ಲ, ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಆದರೂ ಆ ದಿನ ಸಂತೆಯಲ್ಲಿ ಜನ ಕೇಳುವುದು ಮಣ್ಣೆತ್ತನ್ನೇ. ಹೊಲದಿಂದ ಎತ್ತು ಹೊರಟರೂ ಪಂಚಾಂಗದಿಂದ ಹೊರಡಲಿಲ್ಲ. ವರ್ಷಕ್ಕೆ ಒಂದು ದಿನ ತನ್ನದೆಂದು ಇರುವ ಗೊಂಬೆಯನ್ನು ಜನ ಮರೆಯುವುದು ಕಷ್ಟ.

ಟಿಪ್ಪುವಿನ ಹೆಸರಿಗೆ ಅಂಟಿದ ಎರಡು ಆಟಿಕೆ

ಹೆಸರು, ಘಟನೆಗೆ ಕಟ್ಟಿಹಾಕಿದ ಆಟಿಕೆಗೆ ಏನಾಗುತ್ತದೆ ಎಂಬುದಕ್ಕೂ ನಮ್ಮ ನೆಲದಲ್ಲೇ ಉದಾಹರಣೆ ಇದೆ. ಅದು ಟಿಪ್ಪು ಸುಲ್ತಾನನ ಹುಲಿ.

ಮರದಲ್ಲಿ ಕೆತ್ತಿ ಬಣ್ಣ ಬಳಿದ, ಸುಮಾರು 178 ಸೆಂಟಿಮೀಟರ್ ಉದ್ದದ ಹುಲಿ ಅದು. ಕೆಳಗೆ ಬಿದ್ದ ಯುರೋಪಿಯನ್ ಒಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಅವನ ಕೈ ಮೇಲೆ ಕೆಳಗೆ ಆಡುತ್ತದೆ, ನರಳುವ ದನಿ ಬರುತ್ತದೆ, ಹುಲಿ ಗುರುಗುಟ್ಟುತ್ತದೆ. ಹೊಟ್ಟೆಯೊಳಗೆ ನುಡಿಸಬಹುದಾದ ಒಂದು ಆರ್ಗನ್ ವಾದ್ಯವೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇದು ಬ್ರಿಟಿಷರ ಕೈಗೆ ಸಿಕ್ಕಿತು. 1808ರಿಂದ ಲಂಡನ್ನಿನಲ್ಲಿ ಜನ ನೋಡಲೆಂದು ಇಟ್ಟರು. ಈಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇದಕ್ಕೆ ಒಂದು ಘಟನೆಯನ್ನು ಜೋಡಿಸುತ್ತಾರೆ. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಮನ್ರೊ ಎಂಬ ಯುವಕನನ್ನು ಹುಲಿ ಕೊಂದಿತು. ಹೈದರಾಲಿಯ ವಿರುದ್ಧ ಯುದ್ಧ ಮಾಡಿದ್ದ ಸೇನಾಧಿಕಾರಿ ಹೆಕ್ಟರ್ ಮನ್ರೊನ ಮಗ ಅವನು. ಆ ಸುದ್ದಿ ಇಂಗ್ಲೆಂಡಿನಲ್ಲಿ ದೊಡ್ಡ ಗದ್ದಲ ಮಾಡಿತು. ಮುಂದೆ ಸ್ಟಾಫರ್ಡ್‌ಶೈರ್ ಎಂಬಲ್ಲಿನ ಕುಂಬಾರರು 'ಮನ್ರೊನ ಸಾವು' ಎಂದು ಹೆಸರು ಬರೆದು ಹುಲಿ ಮತ್ತು ಮನುಷ್ಯನ ಪಿಂಗಾಣಿ ಗೊಂಬೆ ಮಾಡಿ ಮಾರಿದರು. ಬಡಾಯಿಯ ಅರಸನ ಆಟಿಕೆಯೊಂದು ಬ್ರಿಟಿಷ್ ಮನೆಗಳ ಅಲಂಕಾರದ ಗೊಂಬೆಗೆ ಸೋದರನಾಯಿತು.

ಈಗ ಮನ್ರೊ ಯಾರಿಗೆ ನೆನಪಿದ್ದಾನೆ? ಆ ಪಿಂಗಾಣಿ ಗೊಂಬೆ ಇವತ್ತು ಹಳೇ ವಸ್ತು ಸಂಗ್ರಹಿಸುವವರ ಪಾಲು. ಸುದ್ದಿಯಿಂದ ಹುಟ್ಟಿದ ಗೊಂಬೆ ಸುದ್ದಿಯ ಜೊತೆಗೇ ಹಳತಾಯಿತು. ನಾವು ವರದಿಗಾರರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅದೇ ಟಿಪ್ಪುವಿನ ಹೆಸರಿಗೆ ಅಂಟಿಕೊಂಡ ಇನ್ನೊಂದು ಆಟಿಕೆ ಚನ್ನಪಟ್ಟಣದ್ದು. ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಕೆಲಸ ಕಲಿಸಿದವನು ಟಿಪ್ಪು ಎಂದು ಊರಿನವರು ಹೇಳುತ್ತಾ ಬಂದಿದ್ದಾರೆ. ಈ ಗೊಂಬೆಗಳ ಮೇಲೆ ಟಿಪ್ಪು ಎಲ್ಲೂ ಇಲ್ಲ. ಯುದ್ಧವಿಲ್ಲ, ಶತ್ರುವಿಲ್ಲ. ಬುಗುರಿ, ಗಿಲಕಿ, ಗಾಡಿ, ಕುದುರೆ, ರೈಲು, ರಾಜ–ರಾಣಿ. ಅರಸನ ಹುಲಿ ಗಾಜಿನ ಪೆಟ್ಟಿಗೆ ಸೇರಿತು, ಬುಗುರಿ ಮಕ್ಕಳ ಕೈಯಲ್ಲಿ ಉಳಿಯಿತು.

ಚಿಮಣಿ ರೈಲು ಇನ್ನೂ ಯಾಕೆ ಓಡುತ್ತಿದೆ?

ಚನ್ನಪಟ್ಟಣದ ಅಂಗಡಿ ಮುಂದೆ ನಿಂತರೆ ಕಣ್ಣಿಗೆ ಬೀಳುವ ಆಟಿಕೆಗಳಲ್ಲಿ ರೈಲೂ ಒಂದು. ಗುಂಡನೆಯ ಎಂಜಿನ್, ಮುಂದೆ ಚಿಮಣಿ, ಹಿಂದೆ ಬೋಗಿ. ಅದು ಉಗಿಬಂಡಿ. ಬೆಂಗಳೂರು–ಮೈಸೂರು ನಡುವೆ ರೈಲು ಬಂದದ್ದು 1880ರ ದಶಕದ ಆರಂಭದಲ್ಲಿ, ಚನ್ನಪಟ್ಟಣದ ಮೇಲೇ ಹಾದು ಹೋಗುತ್ತದೆ. ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ಮಾಡುವುದನ್ನು ನಿಲ್ಲಿಸಿದ್ದು 1972ರಲ್ಲಿ. ಇವತ್ತಿನ ಮಗು ದಿನವೂ ನೋಡುವುದು ಕರೆಂಟಿನ ಎಂಜಿನ್. ಆದರೂ ಆಟಿಕೆಯ ಎಂಜಿನ್ ಮೇಲೆ ಚಿಮಣಿ ಇದ್ದೇ ಇದೆ.

ಕಾರಣ ಗೊತ್ತಾಗಬೇಕಾದರೆ ಕೆಲಸದ ರೀತಿ ನೋಡಬೇಕು. ಇಲ್ಲಿ ಬಳಸುವುದು ಹಾಲೆ ಮರ. ತೂಕ ಕಡಿಮೆ, ಬಣ್ಣ ಬಿಳಿ, ನಯವಾಗಿ ಕೊರೆಯಲು ಬರುತ್ತದೆ. ಕಡಿದ ಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ ಲೇತ್‌ಗೆ ಸಿಕ್ಕಿಸುತ್ತಾರೆ. ಮರ ಗಿರಗಿರನೆ ತಿರುಗುವಾಗ ಉಳಿ ಹಿಡಿದು ಆಕಾರ ಕೊಡುತ್ತಾರೆ. ತಿರುಗುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ.

ಲೇತ್‌ನಲ್ಲಿ ಸುಲಭವಾಗಿ ಬರುವುದು ಗುಂಡಗಿನ ವಸ್ತು. ಉಗಿ ಎಂಜಿನ್ನಿನ ಬಾಯ್ಲರ್ ಗುಂಡಗೆ, ಚಿಮಣಿ ಗುಂಡಗೆ, ಗಾಲಿ ಗುಂಡಗೆ. ಕರೆಂಟಿನ ಎಂಜಿನ್ ಒಂದು ದೊಡ್ಡ ಡಬ್ಬಿ. ಅದನ್ನು ಮಾಡಬೇಕಾದರೆ ಲೇತ್ ಬಿಟ್ಟು ಹಲಗೆ ಕೊಯ್ಯಬೇಕು, ಬೇರೆ ರೀತಿ ಬಣ್ಣ ಹಚ್ಚಬೇಕು. ಮಗುವಿನ ಕಡೆಯಿಂದ ನೋಡಿದರೂ ಚಿಮಣಿ ಇರುವುದೇ ರೈಲು. 'ಚುಕುಬುಕು' ಎಂದರೆ ಉಗಿಬಂಡಿಯ ಸದ್ದೇ ಅಲ್ಲವೇ? ಹಾಗಾಗಿ ಹಳಿಯ ಮೇಲೆ ಸತ್ತ ಎಂಜಿನ್ ಮಗುವಿನ ಬಾಯಲ್ಲಿ, ಲೇತ್ ಮೇಲೆ ಬದುಕಿದೆ.

ರಾಜ–ರಾಣಿಯೂ ಅಷ್ಟೆ. ಮೈಯೆಲ್ಲ ಒಂದು ಗುಂಡು ಗೂಟ, ಮೇಲೊಂದು ಗುಂಡು ತಲೆ, ಪೇಟದ ಸುತ್ತು. ಕುದುರೆ ಏರಿ ಕತ್ತಿ ಎತ್ತಿದ ಅರಸನಾದರೆ ಕೆತ್ತನೆಯ ಕೆಲಸ ಬೇಕು. ಕೆತ್ತನೆ ಎಂದರೆ ದಿನಗಟ್ಟಲೆ ಸಮಯ, ಸಮಯ ಎಂದರೆ ಬೆಲೆ. ಇತಿಹಾಸದ ಎಷ್ಟೋ ದೊಡ್ಡ ದೃಶ್ಯಗಳು ಗೊಂಬೆಯಾಗದೆ ಉಳಿದದ್ದಕ್ಕೆ ಇದೂ ಒಂದು ಕಾರಣ. ಅವು ಉಳಿ ಹಿಡಿದ ಕೈಗೆ ಒಗ್ಗಲಿಲ್ಲ.

ಕಿನ್ನಾಳದ ಪಾಠ

ಕೆತ್ತುವ ಗೊಂಬೆಯ ಕಥೆ ತಿಳಿಯಲು ಕೊಪ್ಪಳ ತಾಲ್ಲೂಕಿನ ಕಿನ್ನಾಳಕ್ಕೆ ಹೋಗಬೇಕು. ಇಲ್ಲಿನ ಚಿತ್ರಗಾರರು ಹಗುರ ಮರವನ್ನು ಕೈಯಲ್ಲೇ ಕೆತ್ತುತ್ತಾರೆ. ಭಾಗಗಳನ್ನು ಜೋಡಿಸಿ, ಸಂದುಗಳನ್ನು ಹುಣಸೆ ಬೀಜದ ಅಂಟು ಸೇರಿಸಿದ ಮಿಶ್ರಣದಿಂದ ತುಂಬಿ, ಮೇಲೆ ಬಿಳಿ ಹಚ್ಚಿ, ಕೊನೆಗೆ ಬಣ್ಣ ಬರೆಯುತ್ತಾರೆ. ವಿಜಯನಗರದ ಕಾಲದಲ್ಲಿ ಇವರ ಹಿರಿಯರು ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಚಿತ್ರ ಬರೆದಿದ್ದರು ಎಂಬ ಮಾತು ತಲೆಮಾರುಗಳಿಂದ ಬಂದಿದೆ.

ಪಲ್ಲಕ್ಕಿ, ದೇವರ ವಾಹನ, ಬಣ್ಣದ ತೊಟ್ಟಿಲು, ಗರುಡ, ಗೌರಿ, ಕಾಮಧೇನು ಇವರ ಹೆಸರುವಾಸಿ ಕೆಲಸಗಳು. ಇವುಗಳಲ್ಲಿ ಇಂದಿಗೂ ಬೇಡಿಕೆ ಇರುವುದು ದೇವರ ಮೂರ್ತಿಗಳಿಗೆ, ಏಕೆಂದರೆ ಗುಡಿ ಇದೆ, ಹಬ್ಬ ಇದೆ. ಅರಸನ ಅರಮನೆ, ದೇಸಾಯರ ವಾಡೆ ನೆಚ್ಚಿಕೊಂಡಿದ್ದ ಕೆಲಸಕ್ಕೆ ಕೇಳುವವರು ಕಡಿಮೆಯಾದರು. ಕೊಳ್ಳುತ್ತಿದ್ದ ಮನೆ ಹೋದ ಮೇಲೆ ಗೊಂಬೆ ಎಷ್ಟೇ ಚೆಂದ ಇದ್ದರೂ ಕೈ ನಿಂತಿತು. ಕಷ್ಟಪಟ್ಟು ಮಾಡಿದ ಗೊಂಬೆಯ ಬೆಲೆ ಮಗುವಿನ ಆಟಕ್ಕೆ ದುಬಾರಿ. ಹಾಗಾಗಿ ಅದು ಶೋಕೇಸ್ ಸೇರುತ್ತದೆ. ಶೋಕೇಸಿನ ಗೊಂಬೆ ಒಡೆಯುವುದಿಲ್ಲ, ಒಡೆಯದ ಗೊಂಬೆಗೆ ಎರಡನೇ ಗಿರಾಕಿ ಇಲ್ಲ.

ಹೊರದೇಶದಲ್ಲೂ ಇದೇ ಕಥೆ

ಇದು ನಮ್ಮ ಊರಿನ ವಿಚಾರ ಮಾತ್ರ ಎಂದುಕೊಳ್ಳಬೇಡಿ. ದೊಡ್ಡ ಕಂಪನಿಗಳೂ ಇದೇ ದಾರಿಯಲ್ಲಿ ಎಡವಿವೆ, ಕಲಿತಿವೆ.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯಲು ಶುರು ಮಾಡಿತು. ಟೊಳ್ಳಾದ್ದರಿಂದ ಸೀಸ ಕಡಿಮೆ ಸಾಕು, ಬೆಲೆಯೂ ಕಡಿಮೆ. ಬ್ರಿಟಿಷ್ ಸಾಮ್ರಾಜ್ಯದ ಪಡೆಗಳೆಲ್ಲ ಮಕ್ಕಳ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತವು. ಆಮೇಲೆ 1914ರಿಂದ 1918ರವರೆಗೆ ಮೊದಲ ಮಹಾಯುದ್ಧ ನಡೆಯಿತು. ಗಂಡಸರು ಮನೆಗೆ ಬರಲಿಲ್ಲ. ಯುದ್ಧದ ಆಟಿಕೆ ನೋಡಿದರೆ ತಾಯಂದಿರಿಗೆ ಸಂಕಟ. ಆಗ, 1920ರ ದಶಕದ ಆರಂಭದಲ್ಲಿ, ಅದೇ ಕಂಪನಿ ಸೀಸದಲ್ಲಿ ಹಸು, ಕೋಳಿ, ಕುದುರೆ ಗಾಡಿ, ರೈತ, ರೈತನ ಹೆಂಡತಿಯರನ್ನು ಮಾಡಿ ಮಾರಿತು. ಸಿಪಾಯಿ ಮಾಡುತ್ತಿದ್ದ ಕೈಯೇ ಬೇಸಾಯಗಾರನನ್ನು ಮಾಡಿತು. ಮುಂದೆ ಸೀಸ ವಿಷವೆಂಬ ಆತಂಕ, ಅಗ್ಗದ ಪ್ಲಾಸ್ಟಿಕ್ ಎರಡೂ ಬಂದು 1966ರ ಹೊತ್ತಿಗೆ ಸೀಸದ ಎರಕವೇ ನಿಂತಿತು.

ಡೆನ್ಮಾರ್ಕಿನ ಲೆಗೊ ಕಂಪನಿಯ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ನೀವು ಯೂಟ್ಯೂಬಿನಲ್ಲಾದರೂ ನೋಡಿರುತ್ತೀರಿ. ಅವರು 1978ರಲ್ಲಿ ಕೋಟೆ–ಸೈನಿಕರ ಆಟಿಕೆ ತಂದರು, 1989ರಲ್ಲಿ ಕಡಲುಗಳ್ಳರನ್ನು, 1996ರಲ್ಲಿ ಅಮೆರಿಕದ ಕೌಬಾಯ್‌ಗಳನ್ನು. ಕೌಬಾಯ್ ಸಾಲು ಒಂದೆರಡು ವರ್ಷಕ್ಕೆ ಮುಗಿಯಿತು. ಕೋಟೆ ಮಾತ್ರ ಹೋದರೂ ಮತ್ತೆ ಮತ್ತೆ ಬರುತ್ತದೆ. 2022ರಲ್ಲೂ ದೊಡ್ಡದೊಂದು ಕೋಟೆ ಬಂತು.

ನನಗೆ ಕಾಣುವ ಕಾರಣ ಇದು. ಕೋಟೆಯಲ್ಲಿ ಇರುವವನು ಹೆಸರಿಲ್ಲದ ರಾಜ, ನಮ್ಮ ಪಟ್ಟದ ಗೊಂಬೆಯ ದಾಯಾದಿ. ಮಗು ಅಲ್ಲಿಗೆ ಮಾಟಗಾತಿಯನ್ನೂ ತರಬಹುದು, ರಾಕ್ಷಸನನ್ನೂ ತರಬಹುದು. ಕೌಬಾಯ್ ಕಥೆಯಲ್ಲಿ ಎದುರಾಳಿ ಎಂದು ನಿಲ್ಲಿಸುವುದು ಅಮೆರಿಕದ ಮೂಲನಿವಾಸಿಗಳನ್ನು. ಅವರ ನೆಲ ಕಿತ್ತುಕೊಂಡದ್ದು ನಿಜವಾಗಿ ನಡೆದ ಅನ್ಯಾಯ, ಅವರ ಮೊಮ್ಮಕ್ಕಳು ಇವತ್ತೂ ಇದ್ದಾರೆ. ಸೋತವರ ಮನೆಯ ಮಗುವಿಗೆ ಕೊಡಲಾಗದ ಆಟಿಕೆ ಬಹಳ ದಿನ ನಡೆಯುವುದಿಲ್ಲ.

ಇದರಿಂದ ನಮಗೇನು?

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದು ಚನ್ನಪಟ್ಟಣ ಪೇಟೆಯನ್ನು ಬದಿಗೆ ಬಿಟ್ಟು ಹೋಗುತ್ತದೆ. ಮೊದಲು ದಾರಿಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಗೊಂಬೆ ಕೊಡಿಸುತ್ತಿದ್ದವರು ಈಗ ಮೇಲಿಂದ ಮೇಲೆ ಹಾದು ಹೋಗುತ್ತಾರೆ. ಇನ್ನೊಂದು ಕಡೆ, 2020ರಲ್ಲಿ ಆಮದು ಆಟಿಕೆಯ ಮೇಲಿನ ಸುಂಕ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ, ಚನ್ನಪಟ್ಟಣದಂಥ ಜಿಐ ಆಟಿಕೆಗಳಿಗೆ ಅದರಿಂದ ವಿನಾಯಿತಿ ಇದೆ. ಅಂದರೆ ಪೈಪೋಟಿ ಸ್ವಲ್ಪ ತಗ್ಗಿದೆ, ದಾರಿಬದಿಯ ಗಿರಾಕಿಯೂ ತಗ್ಗಿದ್ದಾನೆ. ಇಂಥ ಹೊತ್ತಿನಲ್ಲಿ ಯಾವ ಗೊಂಬೆ ಮಾಡಬೇಕೆಂಬ ತೀರ್ಮಾನ ತಪ್ಪಿದರೆ ನಷ್ಟ ನೇರ ಮನೆಗೆ ಬರುತ್ತದೆ.

ಮೇಲಿನ ಕಥೆಗಳಿಂದ ನಾಲ್ಕು ಪ್ರಶ್ನೆ ಹೆಕ್ಕಬಹುದು. ಹೆಸರು, ಇಸವಿ ಗೊತ್ತಿಲ್ಲದ ಮಗುವೂ ಇದರಲ್ಲಿ ಆಡಬಲ್ಲದೇ? ವರ್ಷದಲ್ಲಿ ಇದನ್ನು ನೆನಪಿಸುವ ಒಂದು ದಿನ ಇದೆಯೇ? ನಮ್ಮ ಮರಕ್ಕೆ, ಉಳಿಗೆ ಒಗ್ಗುತ್ತದೆಯೇ? ಯಾವ ಮನೆಯ ಮಗುವಿಗೆ ಕೊಟ್ಟರೂ ನೋವಾಗದೇ?

ಒನಕೆ ಓಬವ್ವನನ್ನೇ ತೆಗೆದುಕೊಳ್ಳಿ. ಒನಕೆ ಲೇತ್‌ಗೆ ಹೇಳಿ ಮಾಡಿಸಿದ ವಸ್ತು. ನವೆಂಬರ್ 11 ಓಬವ್ವ ಜಯಂತಿ, ಶಾಲೆಗಳಲ್ಲಿ ಆಚರಿಸುತ್ತಾರೆ. ಮನೆ ಕಾಯಲು ಕೈಗೆ ಸಿಕ್ಕಿದ್ದನ್ನೇ ಹಿಡಿದು ನಿಂತ ಹೆಂಗಸು ಎಂದರೆ ಇತಿಹಾಸ ಓದದ ಮಗುವಿಗೂ ಅರ್ಥವಾಗುತ್ತದೆ. ನಾಲ್ಕನೇ ಪ್ರಶ್ನೆಗೆ ಮಾತ್ರ ಎಚ್ಚರ ಬೇಕು. ಕಿಂಡಿಯಿಂದ ತಲೆ ಹಾಕುವ ಹೈದರಾಲಿಯ ಸೈನಿಕನ ಗೊಂಬೆಯನ್ನು ಪಕ್ಕಕ್ಕಿಟ್ಟರೆ ಅದು ಬೇರೆ ಆಟವಾಗುತ್ತದೆ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಅವರಿಬ್ಬರ ಮಕ್ಕಳೂ ಆಡುವಂಥದ್ದಾದರೆ ಗೊಂಬೆ ನಿಲ್ಲುತ್ತದೆ.

ಇದರಲ್ಲಿ ಒಂದು ನಷ್ಟವೂ ಇದೆ, ಮುಚ್ಚಿಡಬಾರದು. ಉಳಿಯುವ ಗೊಂಬೆ ಇತಿಹಾಸವನ್ನು ಸ್ವಲ್ಪ ಮರೆತೇ ಉಳಿಯುತ್ತದೆ. ಪಟ್ಟದ ಗೊಂಬೆ ನೋಡಿ ಬೆಳೆದ ಮಗುವಿಗೆ ಒಡೆಯರ ಆಳ್ವಿಕೆಯ ಬಗ್ಗೆ ಏನೂ ತಿಳಿಯುವುದಿಲ್ಲ, ಚಿಮಣಿ ರೈಲು ಎಳೆದ ಮಗುವಿಗೆ ಕಲ್ಲಿದ್ದಲು ಸುರಿದವನ ಬೆವರು ಕಾಣುವುದಿಲ್ಲ. ಅಷ್ಟನ್ನು ಹೇಳುವ ಕೆಲಸ ದೊಡ್ಡವರದ್ದು.

ಈ ಸಲ ಹಬ್ಬಕ್ಕೆ ಟ್ರಂಕು ಇಳಿಸಿದಾಗ ಅಜ್ಜಿಯನ್ನು ಕೂರಿಸಿಕೊಂಡು ಕೇಳಿ. ಈ ಜೋಡಿ ಯಾರ ಮದುವೆಯಲ್ಲಿ ಬಂತು, ಯಾವ ಊರಿನಿಂದ ತಂದರು, ಜೊತೆಗಿದ್ದ ಬೇರೆ ಗೊಂಬೆ ಏನಾದವು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಟ್ರಂಕಿನೊಳಗೇ ಇಡಿ. ಮುಂದಿನ ವರ್ಷ ಗೊಂಬೆ ಬಿಚ್ಚುವವರಿಗೆ ಅದೂ ಸಿಗಲಿ.